ಕುಮಾರ ಪರ್ವತ: ಕುಕ್ಕೆಯಿಂದ ಹತ್ತಿ, ಬೆಳಕಿರುವಾಗಲೇ ಇಳಿಯುವುದು ಹೇಗೆ?

ಕುಮಾರ ಪರ್ವತಕ್ಕೆ ಹೋಗಿ ತುದಿ ಮುಟ್ಟದೆ ವಾಪಸ್ ಬಂದವರ ಕತೆ ಕೇಳಿ ಕೇಳಿ ಇದನ್ನು ಬರೆಯುತ್ತಿದ್ದೇನೆ. ಎಲ್ಲರದೂ ಹೆಚ್ಚುಕಮ್ಮಿ ಒಂದೇ ಮಾತು: "ಅರ್ಧ ದಾರೀಲಿ ಕಾಲು ಕೈಕೊಟ್ಟಿತು." ಎಷ್ಟೊತ್ತಿಗೆ ಹೊರಟ್ರಿ ಅಂತ ಕೇಳಿದರೆ ಎಂಟೂವರೆ ಅಂತಾರೆ, ಒಂಬತ್ತು ಅಂತಾರೆ. ಒಬ್ಬರಂತೂ ತಿಂಡಿ ಮುಗಿಸಿ ಹತ್ತೂಕಾಲಿಗೆ ಹೊರಟಿದ್ದರು. ನನ್ನ ಪ್ರಕಾರ ಅವರಿಗೆ ಕೈಕೊಟ್ಟಿದ್ದು ಗಡಿಯಾರ.

ಲೆಕ್ಕ ನೋಡಿ. ಬೆಟ್ಟದ ತುದಿ ಸಮುದ್ರ ಮಟ್ಟದಿಂದ 1712 ಮೀಟರ್ ಎತ್ತರದಲ್ಲಿದೆ. ಕುಕ್ಕೆ ಸುಬ್ರಹ್ಮಣ್ಯ ಇರುವುದು ಸುಮಾರು 120 ಮೀಟರ್‌ನಲ್ಲಿ. ಅಂದರೆ ಒಂದೇ ದಿನದಲ್ಲಿ ಹತ್ತಿರ ಹತ್ತಿರ 1600 ಮೀಟರ್ ಏರಬೇಕು. ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಐದಾರು ಸಲ ಹತ್ತಿದಷ್ಟಾಯಿತು. ಹೋಗುವಾಗ 12-13 ಕಿಲೋಮೀಟರ್, ಬರುವಾಗ ಅಷ್ಟೇ. ಸಾಧಾರಣ ಅಭ್ಯಾಸ ಇರುವವರಿಗೆ ಹತ್ತಲು ಆರೂವರೆ ಗಂಟೆ, ಇಳಿಯಲು ಐದು ಗಂಟೆ ಬೇಕು. ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ಆರು ದಾಟಿ ಐದು-ಹತ್ತು ನಿಮಿಷಕ್ಕೆ. ಒಂಬತ್ತಕ್ಕೆ ಹೊರಟವರು ಎಷ್ಟೇ ಗಟ್ಟಿಗರಾದರೂ ಈ ಲೆಕ್ಕ ಕೂಡಿ ಬರುವುದಿಲ್ಲ.

ಇನ್ನೊಂದು ಎಡವಟ್ಟು ಹಳೇ ವಿಡಿಯೋಗಳದ್ದು. ಮೊದಲೆಲ್ಲ ಜನ ದಾರಿ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಮಾಡಿ, ಅಲ್ಲೇ ಮಲಗಿ, ಎರಡು ದಿನದಲ್ಲಿ ಹತ್ತಿ ಇಳಿಯುತ್ತಿದ್ದರು. ಟೆಂಟ್ ಹಾಕಿ ಬೆಳಗಿನ ಮೋಡ ನೋಡಿದ ಚಿತ್ರಗಳೆಲ್ಲ ಆ ಕಾಲದವು. ಈಗ ತುದಿಯಲ್ಲಿ ಟೆಂಟ್‌ಗೆ ಅವಕಾಶ ಇಲ್ಲ. ಒಂದೇ ದಿನದ ಚಾರಣ ಅಂತಲೇ ಯೋಜನೆ ಹಾಕಿ. ಮುಂದೆ ಬರೆದಿರುವುದೆಲ್ಲ ಆ ಲೆಕ್ಕದಲ್ಲೇ ಇದೆ.

## ಹಂತ 1: ದಿನ ಆರಿಸುವುದು

ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಒಳ್ಳೆಯ ಕಾಲ. ಅಕ್ಟೋಬರ್‌ನಲ್ಲಿ ಹಸಿರು ಚೆನ್ನಾಗಿರುತ್ತದೆ. ಆದರೆ ಕೆಳಗಿನ ಕಾಡಿನಲ್ಲಿ ಉಂಬಳ (ರಕ್ತ ಹೀರುವ ಜಿಗಣೆ) ಜಾಸ್ತಿ, ಬಂಡೆ ಜಾರುತ್ತದೆ, ಮಧ್ಯಾಹ್ನದ ಮೇಲೆ ಮಳೆ ಬರಬಹುದು. ಫೆಬ್ರವರಿ ಬಂದರೆ ಹುಲ್ಲು ಒಣಗಿ ಬಿಸಿಲು ಸುಡುತ್ತದೆ, ತೊರೆ ಬತ್ತುತ್ತದೆ. ಆಮೇಲೆ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ದಾರಿ ಮುಚ್ಚುತ್ತದೆ. ಮಳೆಗಾಲದಲ್ಲೂ ಅಷ್ಟೇ. ಮುಚ್ಚಿದಾಗ ಕಳ್ಳದಾರಿಯಲ್ಲಿ ಕರೆದುಕೊಂಡು ಹೋಗ್ತೀವಿ ಅನ್ನುವವರು ಸಿಗುತ್ತಾರೆ. ಹೋಗಬೇಡಿ. ಇದು ಪುಷ್ಪಗಿರಿ ವನ್ಯಜೀವಿಧಾಮ, ಸಿಕ್ಕಿಬಿದ್ದರೆ ಕೇಸು ಆಗುವುದು ನಿಮ್ಮ ಮೇಲೆ.

ಇನ್ನೊಂದು ವಿಷಯ ಹೊರಗಿನವರಿಗೆ ಹೊಳೆಯುವುದೇ ಇಲ್ಲ. ಮಾರ್ಗಶಿರದಲ್ಲಿ ಕುಕ್ಕೆಯಲ್ಲಿ ಚಂಪಾಷಷ್ಠಿ ಜಾತ್ರೆ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುತ್ತದೆ. ಆ ವಾರ ರೂಮು ಸಿಗುವುದಿಲ್ಲ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕ್ಯಾಲೆಂಡರ್ ನೋಡಿ ಆ ವಾರ ಬಿಟ್ಟುಬಿಡಿ. ಸಾಲು ರಜೆಯೂ ಬೇಡ. ಆಗುವುದಾದರೆ ಬುಧವಾರವೋ ಗುರುವಾರವೋ ಹೋಗಿ.

## ಹಂತ 2: ಟಿಕೆಟ್

2024ರ ಜನವರಿ 26ರ ಸಾಲು ರಜೆಯಲ್ಲಿ ಸಾವಿರಾರು ಜನ ಒಟ್ಟಿಗೆ ಬಂದು ಈ ದಾರಿಯಲ್ಲಿ ಇರುವೆ ಸಾಲಿನ ಹಾಗೆ ನಿಂತಿದ್ದ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಈಗ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲೇ ಬುಕ್ ಮಾಡಬೇಕು. ಒಂದು ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಹಾಗಾಗಿ ಶನಿವಾರ, ಭಾನುವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಮೊದಲು ಟಿಕೆಟ್, ಆಮೇಲೆ ಬಸ್ಸು, ಕೊನೆಗೆ ರೂಮು. ಜನ ಇದನ್ನು ಉಲ್ಟಾ ಮಾಡಿಕೊಂಡು ರೂಮಿನ ದುಡ್ಡು ಕಳೆದುಕೊಳ್ಳುತ್ತಾರೆ.

ಬುಕ್ ಮಾಡುವಾಗ ಎರಡು ಕಡೆ ತಪ್ಪುತ್ತಾರೆ.

ಮೊದಲನೆಯದು ದಾರಿ. ಈ ಬೆಟ್ಟಕ್ಕೆ ಎರಡು ಕಡೆಯಿಂದ ದಾರಿ ಇದೆ. ದಕ್ಷಿಣ ಕನ್ನಡದ ಕುಕ್ಕೆ ಕಡೆಯಿಂದ ಒಂದು, ಕೊಡಗಿನ ಸೋಮವಾರಪೇಟೆ ಕಡೆ ಬೀದಹಳ್ಳಿಯಿಂದ ಇನ್ನೊಂದು. ಹೆಸರು ಎರಡಕ್ಕೂ ಕುಮಾರ ಪರ್ವತವೇ. ಅವಸರದಲ್ಲಿ ಬೀದಹಳ್ಳಿ ಟಿಕೆಟ್ ತೆಗೆದುಕೊಂಡು ಕುಕ್ಕೆಗೆ ಬಂದು ನಿಂತವರನ್ನು ನೋಡಿದ್ದೇನೆ. ಹೊರಡುವ ಜಾಗ, ಮುಗಿಯುವ ಜಾಗ ಎರಡನ್ನೂ ಓದಿ ದುಡ್ಡು ಕಟ್ಟಿ.

ಎರಡನೆಯದು ಗುರುತಿನ ಚೀಟಿ. ಟಿಕೆಟ್‌ನಲ್ಲಿ ಯಾವ ಹೆಸರು, ಯಾವ ಚೀಟಿ ಕೊಟ್ಟಿದ್ದೀರೋ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಬನ್ನಿ. ಟಿಕೆಟ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಚೆಕ್‌ಪೋಸ್ಟ್ ಹತ್ತಿರ ನೆಟ್‌ವರ್ಕ್ ನಂಬಿಕೊಂಡು "ಒಂದ್ನಿಮಿಷ ಸಾರ್, ಲೋಡ್ ಆಗ್ತಿದೆ" ಅಂತ ನಿಲ್ಲುವುದು ಬೇಡ. ಟಿಕೆಟ್‌ನಲ್ಲಿ ಒಳಗೆ ಬಿಡುವ ಸಮಯ, ವಾಪಸ್ ಬರಬೇಕಾದ ಸಮಯ ಬರೆದಿದ್ದರೆ ಅದೇ ಕೊನೆ ಮಾತು. ನಾನು ಕೆಳಗೆ ಕೊಡುವ ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಒಂದು ಸಲಹೆ. ಇದು ನಿಮ್ಮ ಮೊದಲ ದೊಡ್ಡ ಚಾರಣವಾದರೆ ಬೀದಹಳ್ಳಿ ಕಡೆಯಿಂದ ಹೋಗಿ. ಅಲ್ಲಿ ಹೊರಡುವ ಜಾಗವೇ ಎತ್ತರದಲ್ಲಿದೆ, ದೂರ ಹೆಚ್ಚುಕಮ್ಮಿ ಅರ್ಧ, ನೆರಳೂ ಜಾಸ್ತಿ. ತುದಿ ಮಾತ್ರ ಅದೇ. ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ.

## ಹಂತ 3: ಮೂರು ವಾರದ ತಯಾರಿ, ಮತ್ತೆ ಶೂ

ಜಿಮ್ಮಿಗೆ ಹೋಗುವವರೂ ಇಲ್ಲಿ ಸುಸ್ತಾಗುತ್ತಾರೆ, ಯಾಕಂದರೆ ಇಳಿಯುವ ಅಭ್ಯಾಸ ಯಾರೂ ಮಾಡಿರುವುದಿಲ್ಲ. ಮೂರು ವಾರ, ವಾರಕ್ಕೆ ನಾಲ್ಕು ದಿನ, ಮೆಟ್ಟಿಲು ಹತ್ತಿ ಇಳಿಯಿರಿ. ನಾಲ್ಕು ಮಹಡಿ ಇದ್ದರೆ ಮೊದಲ ವಾರ ಹತ್ತು ಸಲ, ಮೂರನೇ ವಾರಕ್ಕೆ ಇಪ್ಪತ್ತೈದು ಸಲ. ಬೆನ್ನಿಗೆ ಐದು ಕಿಲೋ ಇರಲಿ, ಎರಡು ನೀರಿನ ಬಾಟಲಿ ಮತ್ತು ಮೂರು ಕಿಲೋ ಅಕ್ಕಿ ಸಾಕು. ಇಳಿಯುವಾಗ ಲಿಫ್ಟ್ ಹಿಡಿಯಬೇಡಿ. ಮೂರನೇ ವಾರದಲ್ಲೂ ಇಳಿಯುವಾಗ ಮಂಡಿ ಒಳಗೆ ಚುಚ್ಚಿದ ಹಾಗೆ ನೋವು ಬಂದರೆ ಅದು ಎಚ್ಚರಿಕೆ. ಚಾರಣ ಮುಂದೆ ಹಾಕಿ.

ಈಗ ಶೂ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಎರಡು ವರ್ಷ ಕಪಾಟಿನಲ್ಲಿದ್ದ ನನ್ನ ಶೂ ನೋಡಲು ಹೊಸದರ ಹಾಗೇ ಇತ್ತು. ತುದಿಗೆ ಮೊದಲು ಸಿಗುವ ಶೇಷ ಪರ್ವತದ ಸ್ವಲ್ಪ ಕೆಳಗೆ ಬಲಗಾಲಿನ ಅಟ್ಟೆ ಮುಂದಿನಿಂದ ಬಾಯಿ ಬಿಟ್ಟಿತು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಪಟಪಟ ಅಂತ ಹೊಡೆದುಕೊಳ್ಳತೊಡಗಿತು. ಕಿತ್ತು ನೋಡಿದರೆ ಒಳಗಿನ ನೊರೆಯಂಥ ಭಾಗ ಒಣಗಿದ ಬ್ರೆಡ್ಡಿನ ಹಾಗೆ ಪುಡಿಪುಡಿ ಉದುರಿತು. ಇನ್ನೊಂದು ಶೂವಿನ ಲೇಸನ್ನು ಅರ್ಧ ಕತ್ತರಿಸಿ ಅಟ್ಟೆಗೆ ಸುತ್ತಿ ಬಿಗಿದೆ. ಅರ್ಧ ಗಂಟೆಗೊಮ್ಮೆ ಅದು ಬಂಡೆಗೆ ಉಜ್ಜಿ ತುಂಡಾಗುತ್ತಿತ್ತು. ಕೆಳಗೆ ಬರುವಷ್ಟರಲ್ಲಿ ಜೊತೆಯವರ ಚೀಲದ ಹಗ್ಗ, ಪ್ಲಾಸ್ಟಿಕ್ ಕವರ್ ಎಲ್ಲಾ ಖಾಲಿ. ಆಮೇಲೆ ಗೊತ್ತಾಯಿತು, ಇದು ಎಷ್ಟೋ ಜನಕ್ಕೆ ಆಗುತ್ತದೆ. ಪಾಲಿಯುರಿಥೇನ್ ಅಟ್ಟೆ ಗಾಳಿಯ ತೇವಕ್ಕೇ ಒಳಗೊಳಗೆ ಸಾಯುತ್ತದೆ. ಹಾಕದೆ ಇಟ್ಟರೂ ಬಿಡುವುದಿಲ್ಲ.

ಹಾಗಾಗಿ ಹೊರಡುವ ಎರಡು ವಾರ ಮೊದಲು ಶೂ ತೆಗೆದು ಹೀಗೆ ನೋಡಿ. ಎರಡೂ ಕೈಯಲ್ಲಿ ಹಿಡಿದು ಮುಂಭಾಗವನ್ನು ಜೋರಾಗಿ ಬಗ್ಗಿಸಿ. ಅಟ್ಟೆ ಸೇರುವ ಗೆರೆಯಲ್ಲಿ ಬಿರುಕು ಕಂಡರೆ, ಉಗುರಲ್ಲಿ ಒತ್ತಿದಾಗ ಪುಡಿ ಬಂದರೆ, ಆ ಶೂ ಬೇಡ. ಚಮ್ಮಾರರ ಹತ್ತಿರ ಸುತ್ತಲೂ ಹೊಲಿಗೆ ಹಾಕಿಸಬಹುದು, ಆದರೆ ಪುಡಿಯಾಗುತ್ತಿರುವ ಅಟ್ಟೆಗೆ ಹೊಲಿಗೆ ನಿಲ್ಲುವುದಿಲ್ಲ. ಹೊಸ ಶೂ ಕೊಂಡರೆ ಹೊರಡುವ ಮೊದಲು ಮೂವತ್ತು ಕಿಲೋಮೀಟರ್ ಆದರೂ ನಡೆದಿರಬೇಕು. ಕಾಲ್ಬೆರಳಿನ ತುದಿಯ ಮುಂದೆ ಒಂದು ಕೈಬೆರಳಿನಷ್ಟು ಜಾಗ ಇರಲಿ. ಇಲ್ಲದಿದ್ದರೆ ಇಳಿಯುವ ಐದು ಗಂಟೆ ಉಗುರು ಒಳಗೆ ಗುದ್ದಿ ಕಪ್ಪಾಗುತ್ತದೆ. ಕಾಲಿನ ಉಗುರನ್ನು ಮೂರು ದಿನ ಮೊದಲೇ ಕತ್ತರಿಸಿಕೊಳ್ಳಿ, ಹಿಂದಿನ ರಾತ್ರಿ ಅಲ್ಲ.

## ಹಂತ 4: ಚೀಲ

ಚೀಲ ಐದು ಕಿಲೋ ದಾಟಬಾರದು, ಅದರಲ್ಲಿ ಮೂರು ಕಿಲೋ ನೀರೇ. ಒಬ್ಬೊಬ್ಬರೂ ಮೂರು ಲೀಟರ್ ಹೊರಬೇಕು. "ಮೇಲೆ ತೊರೆ ಇದೆಯಂತೆ" ಅನ್ನುವುದು ಈ ದಾರಿಯ ಅತಿ ದೊಡ್ಡ ಮೋಸದ ಮಾತು. ಭಟ್ಟರ ಮನೆ ದಾಟಿದ ಮೇಲೆ ಸಿಗುವ ಕಲ್ಲು ಮಂಟಪದ ಹತ್ತಿರ ತೊರೆ ಇರುವುದು ನಿಜ, ಆದರೆ ಬೇಸಿಗೆ ಹತ್ತಿರ ಬಂದ ಹಾಗೆ ಅದು ಬರೀ ಕಲ್ಲು.

ಇವಿಷ್ಟು ಕಡ್ಡಾಯ:

- ಹಣೆಗೆ ಕಟ್ಟುವ ಟಾರ್ಚ್, ಪ್ರತಿಯೊಬ್ಬರಿಗೂ ಒಂದು. ಮೊಬೈಲ್ ಬೆಳಕು ಲೆಕ್ಕಕ್ಕಿಲ್ಲ.
- ಓಆರ್‌ಎಸ್ ನಾಲ್ಕು ಪೊಟ್ಟಣ.
- ಬಿಸಿಲಿಗೆ ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ತೆಳು ಅಂಗಿ.
- ತೆಳುವಾದ ಮಳೆ ಜಾಕೆಟ್. ತುದಿಯಲ್ಲಿ ಗಾಳಿಗೂ ಅದೇ ಆಗುತ್ತದೆ.
- ಕ್ರೇಪ್ ಬ್ಯಾಂಡೇಜ್, ಅಂಟುಪಟ್ಟಿ, ನಿಮ್ಮ ದಿನದ ಮಾತ್ರೆ, ಎರಡು ಮೀಟರ್ ಗಟ್ಟಿ ದಾರ (ಯಾಕೆ ಅಂತ ಈಗ ಗೊತ್ತಾಯಿತಲ್ಲ).
- ಮೊದಲೇ ಇಳಿಸಿಕೊಂಡ ಆಫ್‌ಲೈನ್ ನಕ್ಷೆ, ಪವರ್ ಬ್ಯಾಂಕ್, ಒಂದು ಸೀಟಿ.

ಊಟಕ್ಕೆ ಚಪಾತಿ-ಚಟ್ನಿಪುಡಿ ಅಥವಾ ಪುಳಿಯೋಗರೆ, ಜೊತೆಗೆ ಕಡಲೆ ಮಿಠಾಯಿ, ಕಿತ್ತಳೆ, ಖರ್ಜೂರ. ಸ್ಟೀಲ್ ಡಬ್ಬಿಯಲ್ಲೇ ಇಡಿ. ಚೆಕ್‌ಪೋಸ್ಟ್‌ನಲ್ಲಿ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ನೋಡುತ್ತಾರೆ. ಹತ್ತು ಚಿಪ್ಸ್ ಪೊಟ್ಟಣ ಇದ್ದರೆ ಅಲ್ಲೇ ಹದಿನೈದು ನಿಮಿಷ ಹೋಯಿತು.

ಉಂಬಳಕ್ಕೆ (ಘಟ್ಟದ ಮೇಲಿನವರು ಇಂಬಳ ಅಂತಾರೆ) ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ, ಮೇಲೆ ಬೇವಿನೆಣ್ಣೆ ಸವರಿ. ತೋಟದ ಕೆಲಸದವರ ಉಪಾಯ ಇನ್ನೂ ಚೆನ್ನ: ಚಿಕ್ಕ ಬಟ್ಟೆಯಲ್ಲಿ ಉಪ್ಪು ಗಂಟು ಕಟ್ಟಿ, ನೀರಲ್ಲಿ ಅದ್ದಿ, ಕೋಲಿನ ತುದಿಗೆ ಕಟ್ಟಿಕೊಳ್ಳುವುದು. ಹತ್ತಿದ ಉಂಬಳಕ್ಕೆ ಮುಟ್ಟಿಸಿದರೆ ಸುರುಟಿಕೊಂಡು ಬೀಳುತ್ತದೆ.

## ಹಂತ 5: ಹಿಂದಿನ ಸಂಜೆಯೇ ಕುಕ್ಕೆ ಸೇರುವುದು

ಚಾರಣ ಕೆಡುವುದು ಹೆಚ್ಚಾಗಿ ಇಲ್ಲೇ. ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ, ಬೆಳಗ್ಗೆ ಐದಕ್ಕೆ ಇಳಿದು ನೇರ ಬೆಟ್ಟ ಹತ್ತುವ ಯೋಜನೆ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆಗುವುದು ಬೇರೆ. ಘಾಟಿಯ ತಿರುವುಗಳಲ್ಲಿ ನಿದ್ದೆ ಬಂದಿರುವುದಿಲ್ಲ. ಇಳಿದ ಮೇಲೆ ಶೌಚಾಲಯಕ್ಕೆ ಕ್ಯೂ. ಯಾರೋ ಒಬ್ಬರಿಗೆ ಸ್ನಾನ ಆಗಲೇಬೇಕು. "ದೇವಸ್ಥಾನದ ಮುಂದೆ ಬಂದು ದರ್ಶನ ಮಾಡದೆ ಹೋಗೋದಾ?" ಅಂತ ಇನ್ನೊಬ್ಬರು. ಇಡ್ಲಿ, ಕಾಫಿ, ಗ್ರೂಪ್ ಫೋಟೋ. ಎಂಟೂವರೆ.

ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೋ ರೈಲಿಗೋ ಬನ್ನಿ. ರೈಲಾದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಅದು ನೆಟ್ಟಣದಲ್ಲಿದೆ, ಕುಕ್ಕೆಯಿಂದ ಸುಮಾರು 12 ಕಿಲೋಮೀಟರ್. ಸಂಜೆಯೇ ದರ್ಶನ ಮುಗಿಸಿ. ಬೆಳಗಿನ ತಿಂಡಿಗೆ ಬಾಳೆಹಣ್ಣು, ಅವಲಕ್ಕಿ ತಂದಿಟ್ಟುಕೊಳ್ಳಿ, ಐದೂವರೆಗೆ ಹೋಟೆಲ್ ಹುಡುಕುತ್ತಾ ನಿಲ್ಲಬೇಡಿ. ಚಾರಣ ಶುರುವಾಗುವ ಜಾಗವನ್ನು ಬೆಳಕಿರುವಾಗ ಒಮ್ಮೆ ನಡೆದು ನೋಡಿ ಬನ್ನಿ. ದೇವಸ್ಥಾನದಿಂದ ದೂರವೇನಿಲ್ಲ. ಆದರೆ ಬೆಳಗಿನ ಜಾವದ ಕತ್ತಲಲ್ಲಿ ತಪ್ಪು ಓಣಿ ಹಿಡಿದು ಇಪ್ಪತ್ತು ನಿಮಿಷ ಕಳೆದವರು ಬೇಕಾದಷ್ಟು ಜನ.

## ಹಂತ 6: ಗಂಟೆಗಳನ್ನು ಕಾಗದದ ಮೇಲೆ ಬರೆಯುವುದು

ರಾತ್ರಿ ಮಲಗುವ ಮೊದಲು ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದು ಎಲ್ಲರ ಜೇಬಿಗೆ ಹಾಕಿ.

- 6:00 ಕುಕ್ಕೆಯಿಂದ ಹೊರಡುವುದು
- 8:15 ಭಟ್ಟರ ಮನೆ
- 8:45 ಚೆಕ್‌ಪೋಸ್ಟ್ ಬಿಡುವುದು
- 10:30 ಕಲ್ಲು ಮಂಟಪ
- 11:45 ಶೇಷ ಪರ್ವತ
- 12:40 ಕುಮಾರ ಪರ್ವತದ ತುದಿ
- 1:00 ಇಳಿಯಲು ಶುರು
- 4:00 ಚೆಕ್‌ಪೋಸ್ಟ್
- 6:00 ಕುಕ್ಕೆ

ಇದರ ಜೊತೆ ಎರಡು ನಿಯಮ. ಹನ್ನೊಂದಕ್ಕೆ ಕಲ್ಲು ಮಂಟಪ ಮುಟ್ಟಿಲ್ಲ ಅಂದರೆ ಅಲ್ಲಿಂದ ವಾಪಸ್. ಒಂದು ಗಂಟೆಗೆ ಎಲ್ಲೇ ಇರಿ, ತುದಿ ಕಣ್ಣೆದುರೇ ಇರಲಿ, ಅಲ್ಲಿಂದ ವಾಪಸ್. ಇದನ್ನು ಹಿಂದಿನ ರಾತ್ರಿಯೇ ಎಲ್ಲರೂ ಒಪ್ಪಿರಬೇಕು. ಬೆಟ್ಟದ ಮೇಲೆ ನಿಂತು ಚರ್ಚೆ ಮಾಡಿದರೆ "ಇಷ್ಟು ದೂರ ಬಂದಿದೀವಿ, ಇನ್ನೇನು ಬಂತು" ಅನ್ನುವವರೇ ಯಾವಾಗಲೂ ಗೆಲ್ಲುತ್ತಾರೆ. ಗುಂಪಿನಲ್ಲಿ ಒಬ್ಬರನ್ನು ಗಡಿಯಾರದವರು ಅಂತ ಮಾಡಿ, ಅವರ ಮಾತೇ ಕೊನೆ. ಮೊಂಡುತನ ಇರುವವರನ್ನೇ ಆರಿಸಿ.

## ಹಂತ 7: ಕುಕ್ಕೆಯಿಂದ ಭಟ್ಟರ ಮನೆ

ಸುಮಾರು ಐದು ಕಿಲೋಮೀಟರ್, ಪೂರ್ತಿ ದಟ್ಟ ಕಾಡು. ಬೇರು, ಕಲ್ಲು, ಒದ್ದೆ ಎಲೆ. ಮೊದಲ ಅರ್ಧ ಗಂಟೆ ಟಾರ್ಚ್ ಬೇಕಾಗುತ್ತದೆ. ಇದು ಆನೆ ಓಡಾಡುವ ಕಾಡು. ಹಾಗಾಗಿ ಬೆಳಕು ಹರಿಯುವವರೆಗೆ ಎಲ್ಲರೂ ಒಟ್ಟಿಗೆ ಇರಿ, ಕಿವಿಗೆ ಇಯರ್‌ಫೋನ್ ಬೇಡ. ಹಸಿ ಲದ್ದಿ, ಆಗ ತಾನೇ ಮುರಿದ ಬಿದಿರು ಅಥವಾ ಕೊಂಬೆ ಕಂಡರೆ ನಿಂತು ಕೇಳಿ. ಹತ್ತಿರದಲ್ಲಿ ಕೊಂಬೆ ಮುರಿಯುವ ಸದ್ದು ಬಂದರೆ ಸದ್ದಿಲ್ಲದೆ ಹಿಂದೆ ಬನ್ನಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ವೇಗ. ಬೆಳಗಿನ ತಂಪು, ನೆರಳು, ಹುರುಪು. ಓಡಿಬಿಡುತ್ತಾರೆ. ದಾರಿಯಲ್ಲಿ ಸಿಗುವ ಭೀಮನ ಬಂಡೆ ಬರುವಷ್ಟರಲ್ಲಿ ಅಂಗಿ ಹಿಂಡಿದರೆ ನೀರು ಸುರಿಯುತ್ತದೆ. ಕರಾವಳಿಯ ಸೆಖೆ ಈ ಕಾಡಿನಲ್ಲಿ ಬೆಳಗ್ಗೆಯೂ ಇರುತ್ತದೆ. ಬೆವರು ಆರುವುದಿಲ್ಲ. ಪಕ್ಕದವರ ಜೊತೆ ಮಾತಾಡುತ್ತಾ ಹತ್ತಲು ಆಗಬೇಕು, ಅದೇ ಸರಿಯಾದ ವೇಗ. ಮಾತಿನ ನಡುವೆ ಉಸಿರು ಎಳೆಯಬೇಕಾದರೆ ನಿಧಾನ ಮಾಡಿ. ಅರ್ಧ ಗಂಟೆಗೊಮ್ಮೆ ನಿಂತು ನಾಲ್ಕು ಗುಟುಕು ನೀರು. ಕೂರಬೇಡಿ. ಒಂದು, ಉಂಬಳ ಹತ್ತುತ್ತದೆ. ಎರಡು, ಐದು ನಿಮಿಷ ಹದಿನೈದಾಗುತ್ತದೆ.

ಉಂಬಳ ಕಚ್ಚಿದರೆ ಎಳೆದು ಕೀಳಬೇಡಿ, ಬೆಂಕಿ ಹಚ್ಚಬೇಡಿ. ಉಪ್ಪಿನ ಗಂಟು ಇಲ್ಲದಿದ್ದರೆ ಉಗುರನ್ನು ಚರ್ಮಕ್ಕೆ ತಾಗಿಸಿ ಪಕ್ಕಕ್ಕೆ ಸರಿಸಿ. ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಸ್ವಲ್ಪ ಹೊತ್ತು ಸುರಿಯುತ್ತದೆ. ಒತ್ತಿ ಹಿಡಿದರೆ ಸಾಕು, ಗಾಬರಿ ಬೇಡ.

ಕಾಡು ಮುಗಿದು ತೆರೆದ ಜಾಗ ಕಂಡರೆ ಗಿರಿಗದ್ದೆ ಬಂತು ಅಂತ. ದೂರದಲ್ಲಿ ಹೆಚ್ಚುಕಮ್ಮಿ ಅರ್ಧ ಬಂದ ಹಾಗೆ ಅನಿಸುತ್ತದೆ. ಏರಿನಲ್ಲಿ ಮಾತ್ರ ಅರ್ಧಕ್ಕಿಂತ ಜಾಸ್ತಿ ಬಾಕಿ ಇದೆ.

## ಹಂತ 8: ಚೆಕ್‌ಪೋಸ್ಟ್‌ನಿಂದ ಕಲ್ಲು ಮಂಟಪ

ಭಟ್ಟರ ಮನೆಯಿಂದ ಸ್ವಲ್ಪ ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಟಿಕೆಟ್, ಗುರುತಿನ ಚೀಟಿ ತೋರಿಸಿ ಹೆಸರು ಬರೆಸಿ. ಬಾಟಲಿಗಳನ್ನು ಕತ್ತಿನವರೆಗೆ ತುಂಬಿಸಿಕೊಳ್ಳಿ. ಇಲ್ಲಿಂದ ಮೇಲೆ ನೀರು ಇಲ್ಲ ಅಂತಲೇ ತಿಳಿಯಿರಿ. ಸಿಬ್ಬಂದಿಗೆ ಎದುರು ಮಾತಾಡಬೇಡಿ. ದಿನಾ ನೂರಾರು ಜನರನ್ನು ನೋಡುವ ಅವರಿಗೆ ನಿಮ್ಮ ಮುಖ ನೋಡಿದರೇ ಲೆಕ್ಕ ಸಿಗುತ್ತದೆ. ನಾನು ಮೊದಲ ಸಲ ಹೋದಾಗ ನಾವು ಐದು ಜನ, ಹೊರಟಿದ್ದು ಒಂಬತ್ತೂಕಾಲಿಗೆ. ಅಲ್ಲಿದ್ದವರು ಗಡಿಯಾರ ನೋಡಿ, "ಮಂಟಪದವರೆಗೆ ಹೋಗಿ ಬನ್ನಿ ಮಾರಾಯ್ರೆ, ಅಲ್ಲಿಂದ ಮೇಲೆ ಬೇಡ" ಅಂದರು. ನಾವು ತಲೆಯಾಡಿಸಿ ಮೇಲೆ ಹೋದೆವು. ಶೇಷ ಪರ್ವತ ಮುಟ್ಟುವಾಗಲೇ ಮೂರೂವರೆ. ಅಲ್ಲಿಂದಲೇ ತಿರುಗಿದರೂ ಕೆಳಗಿನ ಕಾಡಿನಲ್ಲಿ ಐದು ಜನಕ್ಕೆ ಒಂದೇ ಮೊಬೈಲ್ ಬೆಳಕು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟುಕೊಂಡು, ಬೇರನ್ನು ಕಾಲಲ್ಲಿ ತಡಕಾಡುತ್ತಾ ಕುಕ್ಕೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ.

ಈಗಿನ ಭಾಗ ಬರೀ ಹುಲ್ಲುಗಾವಲು. ಒಂದು ಮರ ಇಲ್ಲ. ಬಿಸಿಲು ನೇರ ನೆತ್ತಿಗೆ. ಹೆಚ್ಚಿನವರು ಸೋಲುವುದು ಈ ಮೂರು ಕಿಲೋಮೀಟರ್‌ನಲ್ಲಿ, ಅದರಲ್ಲೂ ಹತ್ತು ಗಂಟೆ ದಾಟಿ ಇಲ್ಲಿ ಸಿಕ್ಕಿಬಿದ್ದವರು. ಇಪ್ಪತ್ತು ನಿಮಿಷ ನಡಿಗೆ, ಎರಡು ನಿಮಿಷ ನಿಲ್ಲುವುದು. ನೀರಿಗೆ ಇಲ್ಲಿಂದ ಓಆರ್‌ಎಸ್ ಬೆರೆಸಿ. ಬರೀ ನೀರು ಗಟಗಟ ಕುಡಿದವರಿಗೇ ಮೀನಖಂಡ ಹಿಡಿದುಕೊಳ್ಳುವುದು ಜಾಸ್ತಿ. ಹಿಡಿದುಕೊಂಡರೆ ಕಾಲು ಚಾಚಿ ಕೂತು, ಪಾದದ ತುದಿಯನ್ನು ನಿಮ್ಮ ಕಡೆ ಎಳೆದು ಹಿಡಿಯಿರಿ. ಬಿಟ್ಟ ಮೇಲೂ ಐದು ನಿಮಿಷ ಏಳಬೇಡಿ.

ನಾಲ್ಕು ಕಂಬದ ಕಲ್ಲು ಮಂಟಪ ಕಂಡರೆ ಗಡಿಯಾರ ನೋಡಿ. ಹನ್ನೊಂದರ ನಿಯಮ ಇಲ್ಲಿಯದೇ. ತಡವಾಗಿದ್ದರೆ ಇಲ್ಲೇ ಊಟ ಬಿಚ್ಚಿ, ನೆರಳಲ್ಲಿ ಅರ್ಧ ಗಂಟೆ ಕೂತು ಆರಾಮಾಗಿ ಇಳಿಯಿರಿ. ಅದೂ ಒಳ್ಳೆಯ ಚಾರಣವೇ.

## ಹಂತ 9: ಶೇಷ ಪರ್ವತ, ಆಮೇಲೆ ತುದಿ

ಮಂಟಪದಿಂದ ಏರು ಕಡಿದಾಗುತ್ತದೆ, ಗಾಳಿ ಏಳುತ್ತದೆ. ಬಂಡೆ ಹಿಡಿದು ಹತ್ತುವ ಕಡೆ ಕೈ ಇಡುವ ಮೊದಲು ಕಣ್ಣು ಇಡಿ, ಸಂದುಗಳಲ್ಲಿ ಹಾವು ಮಲಗಿರಬಹುದು.

ಶೇಷ ಪರ್ವತವನ್ನು ಹತ್ತಿ "ಬಂತು!" ಅಂತ ಚೀಲ ಎಸೆದು ಮಲಗುವವರು ಬಹಳ. ಇದು ತುದಿ ಅಲ್ಲ. ಮುಂದೆ ದಾರಿ ಕೆಳಗಿಳಿದು ಶೋಲಾ ಕಾಡಿನೊಳಗೆ (ಹುಲ್ಲುಗಾವಲಿನ ನಡುವಿನ ಕುಳ್ಳ ಮರಗಳ ಕಾಡು) ಹೋಗುತ್ತದೆ, ಆಮೇಲೆ ಇಳಿಜಾರು ಬಂಡೆಯೊಂದನ್ನು ಹತ್ತಿ ಕುಮಾರ ಪರ್ವತ. ಹೋಗಿ ಬರಲು ಒಂದೂವರೆ ಗಂಟೆಯ ಮೇಲೆ ಬೇಕು. ಈ ಇಳಿದ ದಾರಿಯನ್ನು ವಾಪಸ್ ಬರುವಾಗ ಮತ್ತೆ ಹತ್ತಬೇಕು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಆ ಬಂಡೆ ಒಣಗಿದ್ದರೆ ಕಷ್ಟ ಇಲ್ಲ. ಒದ್ದೆ ಇದ್ದರೆ, ಪಾಚಿ ಮಿನುಗುತ್ತಿದ್ದರೆ ವಾಪಸ್ ಹೋಗಿ. ಹತ್ತುವುದು ಹೇಗೋ ಆಗುತ್ತದೆ, ಇಳಿಯುವಾಗ ಹಿಡಿತ ಸಿಗುವುದಿಲ್ಲ.

ತುದಿಯಲ್ಲಿ ಸಣ್ಣ ಕಲ್ಲಿನ ಗುಡಿ, ಜೋಡಿಸಿದ ಕಲ್ಲುರಾಶಿ ಇದೆ. ಇಲ್ಲೊಂದು ಅಪಾಯ ಯಾರೂ ಹೇಳುವುದಿಲ್ಲ. ಬೀದಹಳ್ಳಿ ದಾರಿಯೂ ಇಲ್ಲಿಗೇ ಬಂದು ಸೇರುತ್ತದೆ. ಮಂಜು ಮುಸುಕಿದಾಗ ತಲೆ ತಿರುಗಿ ಆ ಕಡೆ ಇಳಿದುಬಿಟ್ಟರೆ ನೀವು ಕೊಡಗಿನಲ್ಲಿ ಇರುತ್ತೀರಿ, ನಿಮ್ಮ ರೂಮು ಕುಕ್ಕೆಯಲ್ಲಿ. ರಸ್ತೆಯಲ್ಲಿ ಇಡೀ ಬೆಟ್ಟ ಸುತ್ತಿಕೊಂಡು ಬರಬೇಕು. ತುದಿ ಮುಟ್ಟಿದ ತಕ್ಷಣ, ಫೋಟೋಗೂ ಮೊದಲು, ಹಿಂದೆ ತಿರುಗಿ ನೀವು ಬಂದ ದಾರಿಯ ಫೋಟೋ ಒಂದು ತೆಗೆದುಕೊಳ್ಳಿ. ನಕ್ಷೆಯಲ್ಲೂ ಗುರುತು ಹಾಕಿ.

## ಹಂತ 10: ಇಳಿಯುವುದು

ಶೂ ಲೇಸನ್ನು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿ, ಕಣಕಾಲಿನ ಹತ್ತಿರ ಬಿಗಿಯಾಗಿ ಮತ್ತೆ ಕಟ್ಟಿ. ಬೆರಳು ಮುಂದೆ ಗುದ್ದುವುದಿಲ್ಲ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಬಗ್ಗಿರಲಿ. ಒಣ ಹುಲ್ಲಿನ ಇಳಿಜಾರಿನಲ್ಲಿ ಸಣ್ಣ ಜಲ್ಲಿ ಗೋಲಿಯ ಹಾಗೆ ಉರುಳುತ್ತದೆ. ಅಲ್ಲಿ ಅಡ್ಡಡ್ಡವಾಗಿ ಇಳಿಯಿರಿ. ಕೋಲು ಇದ್ದರೆ ಈಗ ಕೆಲಸಕ್ಕೆ ಬರುತ್ತದೆ.

ಗುಂಪಿನ ಅತಿ ನಿಧಾನದವರು ಮುಂದೆ, ಗಟ್ಟಿಗರು ಹಿಂದೆ. ಇದನ್ನು ಉಲ್ಟಾ ಮಾಡಿದರೆ ಹಿಂದೆ ಉಳಿದವರು ಕಾಡಿನಲ್ಲಿ ಒಬ್ಬರೇ ಆಗುತ್ತಾರೆ. ಚೆಕ್‌ಪೋಸ್ಟ್‌ನಲ್ಲಿ ವಾಪಸ್ ಬಂದದ್ದನ್ನು ಬರೆಸದೆ ಹೋಗಬೇಡಿ. ಲೆಕ್ಕ ಕೂಡದಿದ್ದರೆ ಸಿಬ್ಬಂದಿ ರಾತ್ರಿ ನಿಮ್ಮನ್ನು ಹುಡುಕಲು ಬೆಟ್ಟ ಹತ್ತಬೇಕು.

ಕೆಳಗಿನ ಕಾಡಿನಲ್ಲಿ ಹೊರಗಿಗಿಂತ ಮುಕ್ಕಾಲು ಗಂಟೆ ಮೊದಲೇ ಕತ್ತಲಾಗುತ್ತದೆ. ಐದೂಕಾಲಿಗೇ ಟಾರ್ಚ್ ಹಣೆಗೆ ಕಟ್ಟಿಕೊಳ್ಳಿ. ಕತ್ತಲಾದ ಮೇಲೆ ಚೀಲದ ತಳದಲ್ಲಿ ಹುಡುಕುವುದು ಬೇಡ.

## ಈ ಲಕ್ಷಣ ಕಂಡರೆ ಅಲ್ಲೇ ತಿರುಗಿ

ಪಶ್ಚಿಮದಿಂದ ಮೋಡ ಏರಿ ಶೇಷ ಪರ್ವತದ ನೆತ್ತಿ ಮುಚ್ಚಿತು ಅಂದರೆ ಹುಲ್ಲುಗಾವಲಿನಲ್ಲಿ ದಾರಿ ಕಾಣುವುದಿಲ್ಲ. ಮಂಜಿನೊಳಗೆ ಸಿಕ್ಕಿದ್ದರೆ ಅಲೆಯಬೇಡಿ, ಕೂತು ಕಾಯಿರಿ. ಗುಡುಗು ಕೇಳಿದರೆ ಬೋಳು ಏಣಿನ ಮೇಲೆ ನಿಲ್ಲಬೇಡಿ, ತಗ್ಗಿಗೆ ಇಳಿಯಿರಿ. ಹೊಗೆ ವಾಸನೆ ಬಂದರೆ ಗಾಳಿ ಎತ್ತ ಬೀಸುತ್ತಿದೆ ನೋಡಿ ಚೆಕ್‌ಪೋಸ್ಟ್ ಕಡೆ ನಡೆಯಿರಿ. ಒಣ ಹುಲ್ಲಿನ ಬೆಂಕಿ ಮೇಲ್ಮುಖವಾಗಿ ನಿಮಗಿಂತ ಬೇಗ ಓಡುತ್ತದೆ.

ಜೊತೆಯವರಲ್ಲಿ ಒಬ್ಬರು ಹರಟೆ ನಿಲ್ಲಿಸಿ ಸುಮ್ನೆ ಆಗಿಬಿಟ್ಟರೆ ಹತ್ತಿರ ಹೋಗಿ ಮಾತಾಡಿಸಿ. ತಲೆನೋವು, ವಾಕರಿಕೆ, ಎಡವುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಇವೆಲ್ಲ ಬಿಸಿಲು ಹೊಡೆದ ಲಕ್ಷಣ. ನೆರಳು ಮಾಡಿ, ಕತ್ತು-ಕಂಕುಳಿಗೆ ಒದ್ದೆ ಬಟ್ಟೆ ಇಡಿ, ಗಾಳಿ ಹಾಕಿ. ಮಾತು ತೊದಲುತ್ತಿದ್ದರೆ ಬಲವಂತವಾಗಿ ನೀರು ಕುಡಿಸಬೇಡಿ. ಇಬ್ಬರು ಅಲ್ಲೇ ಉಳಿದು ಇಬ್ಬರು ಚೆಕ್‌ಪೋಸ್ಟ್‌ಗೆ ಇಳಿಯಲಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಶೂ ಬಿಚ್ಚಿ, ಆ ಕಾಲು ಅಲುಗದ ಹಾಗೆ ಇಟ್ಟು ಹೊತ್ತು ಇಳಿಸಿ. ನೆಟ್‌ವರ್ಕ್ ಸಿಕ್ಕ ಕೂಡಲೇ 108ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಆದ ಮೇಲೂ ಕಾಡಿನಲ್ಲಿ ಕತ್ತಲಾಯಿತು ಅಂದುಕೊಳ್ಳಿ. ಅಡ್ಡದಾರಿ ಹುಡುಕಬೇಡಿ, ತೊರೆ ಹಿಡಿದು ಇಳಿಯಬೇಡಿ. ಸವೆದ ದಾರಿ ಬಿಡದೆ, ಒಬ್ಬರಿಗೊಬ್ಬರು ಕೈಗೆ ಸಿಗುವಷ್ಟು ಹತ್ತಿರ, ನಿಧಾನ.

## ಕೆಳಗೆ ಬಂದ ಮೇಲೆ

ರೂಮಿಗೆ ಹೋಗಿ ಬಟ್ಟೆ ಎಲ್ಲಾ ಬಿಚ್ಚಿ ಒದರಿ. ಕಿವಿ ಹಿಂದೆ, ಕಂಕುಳು, ಸೊಂಟದ ಪಟ್ಟಿ ಜಾಗ, ಮಂಡಿ ಹಿಂದೆ ಉಣುಗು (ಚರ್ಮಕ್ಕೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಹುಳು) ಇದೆಯಾ ನೋಡಿಕೊಳ್ಳಿ. ಹತ್ತಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರಕ್ಕೆ ಎಳೆಯಿರಿ. ಮುಂದಿನ ಎರಡು ವಾರದಲ್ಲಿ ಜೋರು ಜ್ವರ, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯ ಡಾಕ್ಟರಿಗೆ ಮರೆಯದೆ ಹೇಳಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಉಣುಗಿನಿಂದಲೇ.

ಕುಮಾರಧಾರೆಯಲ್ಲಿ ಸ್ನಾನ ಮಾಡುವ ಆಸೆ ಇದ್ದರೆ ಮರುದಿನ ಬೆಳಗ್ಗೆ ಮಾಡಿ. ದಣಿದ ಕಾಲಿನಲ್ಲಿ, ಕತ್ತಲಲ್ಲಿ, ಹೊಳೆಯ ಜಾರು ಕಲ್ಲಿನ ಮೇಲೆ ಬೇಡ. ಆ ರಾತ್ರಿಯ ಬಸ್ಸನ್ನೂ ಬುಕ್ ಮಾಡಬೇಡಿ, ಒಂದು ರಾತ್ರಿ ಅಲ್ಲೇ ಮಲಗಿ. ಬೆಳಗ್ಗೆ ತೊಡೆ ಮರದ ಕೊರಡಾಗಿರುತ್ತದೆ. ಲಾಡ್ಜಿನ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಿರಿ, ನೋವು ಅರ್ಧ ಕಮ್ಮಿ ಇರುತ್ತದೆ. ನೋಡಿದವರು ನಗುವುದಿಲ್ಲ, ಕುಕ್ಕೆಯಲ್ಲಿ ಹಾಗೆ ಇಳಿಯುವವರನ್ನು ಅವರು ದಿನಾ ನೋಡುತ್ತಾರೆ.